ಇನ್ನೊಂದು ಸೌಟು

ಆ ಮನೆಯಲ್ಲಿ ಯಾರೂ ಯಾರಿಗೂ ‘ತಪ್ಪಾಯಿತು’ ಎಂದು ಬಾಯಿಬಿಟ್ಟು ಹೇಳಿದವರಲ್ಲ. ಬೆಳಿಗ್ಗೆ ಹಾವು ಮುಂಗುಸಿಗಳ ಹಾಗೆ ಕಾದಾಡಿದವರು ರಾತ್ರಿ ಊಟಕ್ಕೆ ಕೂತಾಗ, ಎದುರಿನವರು ಕೇಳದಿದ್ದರೂ, ಅವರ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತಿದ್ದರು. ಬಡಿಸಿಕೊಂಡವರು ಬೇಡವೆನ್ನದೆ ತಿಂದರೆ ಜಗಳ ಅಲ್ಲಿಗೆ ಮುಗಿದಂತೆ. ಸೊಸೆ ಹೊಸದಾಗಿ ಬಂದಾಗ ಈ ಕಾನೂನು ಗೊತ್ತಿಲ್ಲದೆ, ಅತ್ತೆ ಬಡಿಸಿದ್ದನ್ನು “ಸಾಕು ಅತ್ತೆ, ಹೊಟ್ಟೇಲಿ ಜಾಗ ಇಲ್ಲ” ಎಂದು ಪಕ್ಕಕ್ಕೆ ಸರಿಸಿದ್ದಳು. ಅತ್ತೆ ವಾರವಿಡೀ ಮುಖ ಊದಿಸಿಕೊಂಡು ಓಡಾಡಿದ್ದು ಯಾಕೆಂದು ಅವಳಿಗೆ ಗಂಡ ಬಿಡಿಸಿ ಹೇಳಬೇಕಾಯಿತು.

ಈ ಪದ್ಧತಿ ಹಾಕಿಕೊಟ್ಟವರು ಯಜಮಾನರು. ಬೀದಿಯವರೆಲ್ಲ ಅವರನ್ನು ಕರೆಯುವುದೇ ಹಾಗೆ, ಗಾಜಿನಂಗಡಿ ಯಜಮಾನರು ಎಂದು. ಅಂಗಡಿ ಕೆಳಗೆ, ಮನೆ ಮೇಲೆ. ನಡುವೆ, ಒಬ್ಬರು ಹತ್ತಿದರೆ ಇಳಿಯುವವರು ಗೋಡೆಗೆ ಅಂಟಿಕೊಳ್ಳಬೇಕಾದಂಥ ಮೆಟ್ಟಿಲು. ಕಿಟಕಿಯ ಗಾಜು, ಅಂಗಡಿ ಮುಂಭಾಗದ ಗಾಜು, ಕನ್ನಡಿ, ಏನೇ ಇರಲಿ, ಅಳತೆಗೆ ಕೊಯ್ದು, ಒಯ್ದು, ಕೂರಿಸಿ ಕೊಡುವುದು ಅವರ ಕಸುಬು. ಅವರ ಅಪ್ಪ ಮಾಡುತ್ತಿದ್ದದ್ದೂ ಅದನ್ನೇ.

ದೊಡ್ಡ ಗಾಜನ್ನು ಇಬ್ಬರು ಹಿಡಿಯಬೇಕು, ನಿಲ್ಲಿಸಿಕೊಂಡೇ ಒಯ್ಯಬೇಕು, ಬಾಯಿ ಮುಚ್ಚಿಕೊಂಡು ಮಾತ್ರ ಒಯ್ಯಬಾರದು. ಹಿಡಿದವನು “ಹಿಡ್ದೆ” ಅನ್ನಬೇಕು. ತಿರುವು ಬಂದರೆ “ಮೂಲೆ” ಅನ್ನಬೇಕು. ಮೈ ಸೋತರೆ “ಇಳಿಸು” ಅನ್ನಬೇಕು. ಅಂದ ಮೇಲೆ ಇನ್ನೊಬ್ಬ ಯಾಕೆ ಏನು ಎಂದು ಕೇಳದೆ ಇಳಿಸಬೇಕು. ಹೇಳದೆ ಕೈಬಿಟ್ಟವನು ಮತ್ತೆ ಅವರ ಅಂಗಡಿಯ ಗಾಜು ಮುಟ್ಟುವಂತಿರಲಿಲ್ಲ. “ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಮಗೆ ದೊಣ್ಣೇನೂ ಬೇಡ, ಒಂದು ಬೆರಳು ಜಾರಿದ್ರೆ ಸಾಕು” ಎಂದು ಯಜಮಾನರು ಹೇಳುತ್ತಿದ್ದರು. ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ಗಾಜು ಹೊರುವವರು ಅವರ ಇಬ್ಬರು ಗಂಡುಮಕ್ಕಳು. ದೊಡ್ಡವನು ಮಾತಿನಲ್ಲಿ ಬಲು ಜಿಪುಣ. ಹಿಡ್ದೆ, ಮೂಲೆ, ಇಳಿಸು, ಇಷ್ಟರಲ್ಲೇ ಅವನ ದಿನದ ಮಾತು ಮುಗಿಯುತ್ತದೆಂದು ಅವನ ಹೆಂಡತಿಯೇ ಆಡಿಕೊಳ್ಳುತ್ತಿದ್ದಳು. ಚಿಕ್ಕವನು ಗುಂಡ. ಹುಟ್ಟಿದಾಗ ಗುಂಡಗಿದ್ದನೆಂದು ಬಿದ್ದ ಹೆಸರು ಮೀಸೆ ಬಂದ ಮೇಲೂ ಅಂಟಿಕೊಂಡಿತ್ತು. ಈಚೆಗೆ ಮಾತ್ರ ಹೆಸರಿಗೂ ಆಳಿಗೂ ಸಂಬಂಧವಿಲ್ಲದಂತೆ ಸೊರಗುತ್ತಿದ್ದ. ತಿನ್ನುವುದು ಇಬ್ಬರಷ್ಟು, ಕಾಣುವುದು ಅರ್ಧ ಆಳು.

ಮೊದಲ ಸಲ ಅದಾದದ್ದು ಒಂದು ಸೋಮವಾರ ಬೆಳಿಗ್ಗೆ. ವಾರವಿಡೀ ಗಬಗಬನೆ ಬಾಯಿಗೆ ಹಾಕಿಕೊಂಡು ಏಳುವ ಆ ಮನೆಯವರು ಸಾವಕಾಶವಾಗಿ ಕೂತು ಹೊಟ್ಟೆ ತುಂಬ ಉಣ್ಣುತ್ತಿದ್ದದ್ದು ಭಾನುವಾರ ರಾತ್ರಿ ಮಾತ್ರ. ಅಮ್ಮ ಅವತ್ತು ದೊಡ್ಡ ಪಾತ್ರೆ ಇಳಿಸುತ್ತಿದ್ದಳು. ಅನ್ನ, ಹುರಿದ ಆಲೂಗಡ್ಡೆ, ಬ್ರೆಡ್ಡು, ಕೊನೆಗೆ ಹಾಲು ಸಕ್ಕರೆಯಲ್ಲಿ ಬೇಯಿಸಿದ ಅಕ್ಕಿ, ಆ ಮನೆಯವರ ಬಾಯಲ್ಲಿ ‘ಹಾಲಕ್ಕಿ’. ಆ ಭಾನುವಾರವೂ ಗುಂಡ ಕತ್ತು ಬಗ್ಗಿಸಿ ಉಂಡಿದ್ದ. ಬೆಳಿಗ್ಗೆ ಅಂಗಡಿ ಬಾಗಿಲು ತೆರೆದರೂ ಅವನು ಇಳಿದು ಬರಲಿಲ್ಲ. ಯಜಮಾನರು ಮೇಲೆ ಹತ್ತಿ ಬಂದರು.

“ಏಳೋ. ಬಿಸಿಲು ನೆತ್ತಿಗೆ ಬಂತು.”

“ಅಪ್ಪ, ಕಾಲು ಏಳ್ತಿಲ್ಲ.”

“ಏಳಲ್ಲ ಅಂದ್ರೆ? ಅದೇನು ನಿನ್ನ ಕೇಳಿ ಏಳುತ್ತಾ? ನೀನೆದ್ರೆ ಅದೂ ಏಳುತ್ತೆ.”

“ನಿಜವಾಗ್ಲೂ ಅಪ್ಪ. ತೊಡೆ ಕಲ್ಲಾಗಿದೆ. ಎತ್ತೋಕೆ ಆಗ್ತಿಲ್ಲ.”

ಯಜಮಾನರು ಹೊದಿಕೆ ಎಳೆದು ನೋಡಿದರು. ಕಾಲು ಎರಡೂ ಇದ್ದಲ್ಲೇ ಇದ್ದವು, ಗಾಯವಿಲ್ಲ, ಬಾವಿಲ್ಲ. ಗೊಣಗುತ್ತ ಕೆಳಗಿಳಿದು ತಾವೇ ಒಂದು ತುದಿ ಹಿಡಿದು ದೊಡ್ಡವನ ಜೊತೆ ವ್ಯಾನಿಗೆ ಗಾಜೇರಿಸಿದರು. ಮಧ್ಯಾಹ್ನ ಮರಳಿ ಬಂದಾಗ ಗುಂಡ ಅಂಗಡಿ ಗುಡಿಸುತ್ತ ನಿಂತಿದ್ದ, ಎರಡು ಕಾಲಿನ ಮೇಲೆ, ನೆಟ್ಟಗೆ.

“ಓಹೋ, ಬಂತೇನಪ್ಪ ಕಾಲು? ಎಲ್ಲಿಗೆ ಹೋಗಿತ್ತಂತೆ?”

ಗುಂಡ ಪೆಚ್ಚಾಗಿ ನಕ್ಕ. ಅವನಿಗೂ ಗೊತ್ತಿರಲಿಲ್ಲ.

ಒಂದು ವಾರ ಬಿಟ್ಟು ಮತ್ತೆ ಸೋಮವಾರ ಅದೇ ಕತೆ. ಆಮೇಲಿನ ಸೋಮವಾರವೂ ಅದೇ. ಭಾನುವಾರ ಗಡದ್ದಾಗಿ ಉಂಡು ಸೋಮವಾರ ಹಾಸಿಗೆ ಹಿಡಿಯುವವನನ್ನು ಏನೆಂದು ಕರೆಯಬೇಕೆಂದು ಯಜಮಾನರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ‘ಸೋಮವಾರದ ಕಾಯಿಲೆ’ ಎಂದು ಹೆಸರಿಟ್ಟರು. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೆಯದನ್ನು ತೋರಿಸಿದವರ ಮೇಲೆಯೇ ಬೀಳುವ ಜಾತಿ.

ಅಮ್ಮ ಮಗನನ್ನು ಹತ್ತಿರದ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಹೋದದ್ದು ಸಂಜೆ. ಅಷ್ಟು ಹೊತ್ತಿಗೆ ಗುಂಡ ಆ ಡಾಕ್ಟರ ಮಹಡಿಯನ್ನು ದಡದಡ ಹತ್ತಿದ್ದ. ಮೊಣಕಾಲಿಗೆ ತಟ್ಟಿ ನೋಡಿದ ಡಾಕ್ಟರು, “ನಿಶ್ಶಕ್ತಿ. ಚೆನ್ನಾಗಿ ಊಟ ಮಾಡ್ಸಿ” ಎಂದು ಟಾನಿಕ್ಕು ಬರೆದುಕೊಟ್ಟರು. ಅಮ್ಮನಿಗೆ ಅಷ್ಟು ಸಾಕಾಗಿತ್ತು. ಮರುದಿನದಿಂದ ಮಗನ ತಟ್ಟೆಯಲ್ಲಿ ಅನ್ನದ ಗುಡ್ಡವೆದ್ದಿತು. ಮಲಗುವ ಮುಂಚೆ ದೊಡ್ಡ ಲೋಟದ ತುಂಬ ಸಕ್ಕರೆ ಹಾಕಿದ ಹಾಲು ಬೇರೆ.

“ಊಟ ಬಲ್ಲವನಿಗೆ ರೋಗವಿಲ್ಲ” ಎಂದಳು.

“ಇವನು ಬಲ್ಲವನಲ್ಲ, ಬಕಾಸುರ. ಇಷ್ಟು ತಿಂದವನು ಇನ್ನಷ್ಟು ಮಲಗ್ತಾನೆ ನೋಡ್ತಿರು” ಎಂದರು ಯಜಮಾನರು. ಅವರ ಮಾತು ನಿಜವೇ ಆಯಿತು. ಆದರೆ ಅವರು ಅಂದುಕೊಂಡ ಕಾರಣಕ್ಕಲ್ಲ.

ಮನೆಯಲ್ಲಿ ಬೇರೊಂದು ಜೋಡಿ ಕಣ್ಣು ಇದನ್ನೆಲ್ಲ ನೋಡುತ್ತಿತ್ತು. ಸೊಸೆ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಶನ್ ಇಟ್ಟುಕೊಂಡು ಬೀದಿಯವರ ಬಟ್ಟೆಗಳನ್ನು ಹಿಗ್ಗಿಸಿ ಕುಗ್ಗಿಸಿ ಕೊಡುತ್ತಿದ್ದಳು. ಒಂದು ದಿನ ಊಟದ ಹೊತ್ತಿನಲ್ಲಿ ಮೈದುನನ ಪ್ಯಾಂಟನ್ನು ಎಲ್ಲರ ಮುಂದೆ ಎತ್ತಿ ಹಿಡಿದಳು.

“ಮಾವ, ಈ ಸೊಂಟಾನ ಈಗಾಗ್ಲೇ ಎರಡು ಸಲ ಹಿಡಿದಿದೀನಿ. ಇನ್ನೊಂದ್ಸಲ ಹಿಡಿದ್ರೆ ಎರಡು ಜೇಬೂ ಬೆನ್ನ ಹಿಂದೆ ಒಂದಕ್ಕೊಂದು ನಮಸ್ಕಾರ ಮಾಡ್ತವೆ. ತಿನ್ನೋದೆಲ್ಲ ಎಲ್ಲಿಗೆ ಹೋಗ್ತಿದೆ?”

“ಕುಡಿಯೋರ ಮೈಗೆ ತಿಂದಿದ್ದು ಹತ್ತಲ್ಲಮ್ಮ.”

ಎಲ್ಲರ ಕೈಯೂ ನಿಂತಿತು. ಗುಂಡನ ಮುಖ ಕೆಂಪಾಯಿತು.

“ಯಾರು ಕುಡಿಯೋದು? ನಾನಾ?”

“ಮತ್ತೆ ಕೈ ಯಾಕೋ ನಡುಗುತ್ತೆ? ನಿನ್ನೆ ನೀನು ಎಳೆದ ಗೆರೆ ನೋಡಿದೆ. ಗಾಜಿನ ಮೇಲೆ ಇರುವೆ ಹರಿದ ಹಾಗಿತ್ತು. ಹತ್ತು ವರ್ಷದಿಂದ ಕೊಯ್ಯೋನು ಎಳೆಯೋ ಗೆರೆಯೇನೋ ಅದು?”

“ಒಂದು ತೊಟ್ಟು ಮುಟ್ಟಿಲ್ಲ ಅಪ್ಪ. ಕೈ ಅದಾಗದೇ ನಡುಗುತ್ತೆ. ಎದೇನೂ ಹೊಡ್ಕೊಳ್ಳುತ್ತೆ.”

“ಹೊಡ್ಕೊಳ್ಳುತ್ತೆ! ನಮಗೂ ಹೊಡ್ಕೊಳ್ಳುತ್ತೆ, ನಿನ್ನ ನೋಡಿ!”

ಗುಂಡ ತಟ್ಟೆ ಬಿಟ್ಟೆದ್ದು ಹೋದ. ಹಿಂದೆಲ್ಲ ಇಂಥ ಮಾತಿಗೆ ನಗುತ್ತಿದ್ದ ಹುಡುಗ, ಈಗ ಮುಟ್ಟಿದರೆ ಮುನಿಯಂತಾಗಿದ್ದ. ಬೇರೆಯವರೆಲ್ಲ ಸ್ವೆಟರ್ ತೊಟ್ಟು ಕೂತಿದ್ದರೆ ಅವನ ಅಂಗಿಯ ಬೆನ್ನು ಮಾತ್ರ ಬೆವರಿನಿಂದ ಒದ್ದೆಯಾಗಿದ್ದನ್ನು ಸೊಸೆ ಕಂಡಳು. ಅದನ್ನು ಯಜಮಾನರೂ ಕಂಡರು. ಕಂಡೂ ಊಟ ಮುಂದುವರಿಸಿದರು.

ಆಮೇಲೆ ಬಂದದ್ದು ಕ್ಷೌರದಂಗಡಿಯ ಕನ್ನಡಿ. ಒಂದು ಗೋಡೆಯ ಉದ್ದಕ್ಕೂ ಒಂದೇ ಕನ್ನಡಿ ಬೇಕೆಂದು ಕ್ಷೌರಿಕ ಹಟ ಹಿಡಿದಿದ್ದ. ಅವತ್ತು ಸೋಮವಾರವಲ್ಲ. ಬೆಳಗಿನಿಂದ ಅಣ್ಣತಮ್ಮಂದಿರು ಬೇರೆ ಕಡೆ ಗಾಜು ಹೊತ್ತು ಸುಸ್ತಾಗಿಯೇ ಅಲ್ಲಿಗೆ ಬಂದಿದ್ದರು. ಯಜಮಾನರು ಗೋಡೆಗೆ ಅಳತೆಯ ಗುರುತು ಹಾಕುವ ತನಕ ಕ್ಷೌರಿಕ ಹುಡುಗರನ್ನು ಕೂರಿಸಿ ಸಿಹಿ ಬನ್ನು, ಸಕ್ಕರೆ ಮುಂದಾದ ಚಹಾ ಕೊಟ್ಟ. ಗುಂಡ ಮೂರು ಬನ್ನು ತಿಂದು ಕುರ್ಚಿಗೊರಗಿದ.

“ಬನ್ನಿ, ಎತ್ತೋಣ” ಎಂದರು ಯಜಮಾನರು.

“ಹಿಡ್ದೆ” ಎಂದ ದೊಡ್ಡವನು.

“ಹಿಡ್ದೆ” ಎಂದ ಗುಂಡ.

ಕನ್ನಡಿ ಎದ್ದಿತು. ನಾಲ್ಕು ಹೆಜ್ಜೆ ಬಂದಿರಬೇಕು, “ಅಣ್ಣ, ಇಳಿಸು!” ಎಂದು ಗುಂಡ ಕೂಗಿದ. ದೊಡ್ಡವನು ಮರುಮಾತಿಲ್ಲದೆ ತನ್ನ ತುದಿ ಇಳಿಸಿದ. ಆದರೆ ಗುಂಡನ ಮಂಡಿ ಅಷ್ಟರಲ್ಲೇ ಮಡಚಿಕೊಂಡಿತ್ತು. ಅವನು ಕನ್ನಡಿಯ ಪಕ್ಕದಲ್ಲೇ ಜಾರುತ್ತ ನೆಲಕ್ಕೆ ಕುಸಿದ. ಕನ್ನಡಿಯ ಅಂಚು ಬಂದು ಅವನ ತೊಡೆಯ ಮೇಲೆ ಕೂತಿತು. ಕ್ಷೌರಿಕ ಕತ್ತರಿ ಬಿಸಾಕಿ ಓಡಿಬಂದು ಹಿಡಿದುಕೊಂಡ. ಕನ್ನಡಿಗೆ ಒಂದು ಗೀರೂ ಬೀಳಲಿಲ್ಲ.

ಯಜಮಾನರ ಜೀವ ಬಾಯಿಗೆ ಬಂದಿತ್ತು. ಅದು ಮರಳಿ ಜಾಗಕ್ಕೆ ಹೋದೊಡನೆ ಅವರು ಮಾಡಿದ ಮೊದಲ ಕೆಲಸವೆಂದರೆ ಬೈದದ್ದು. ಕ್ಷೌರಿಕನ ಮುಂದೆ, ಅರ್ಧ ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದ ಗಿರಾಕಿಯ ಮುಂದೆ, ಬಾಯಿಗೆ ಬಂದದ್ದೆಲ್ಲ ಬೈದರು. ನೆಲದ ಮೇಲೆ ಕೂತ ಗುಂಡ ಏಳಲೂ ಆಗದೆ ಎಲ್ಲವನ್ನೂ ಕೇಳಿಸಿಕೊಂಡ.

ಮನೆಗೆ ಬಂದು ತೀರ್ಪು ಕೊಟ್ಟರು.

“ಇವನು ಇನ್ನು ಗಾಜು ಮುಟ್ಟೋದು ಬೇಡ. ಬಡಗಿಯ ಅಳಿಯ ಕೆಲಸ ಕೇಳ್ತಿದ್ದ. ಸೋಮವಾರದಿಂದ ಅವನು ಬರ್ತಾನೆ.”

“ರೀ, ಮಗನ ಜಾಗಕ್ಕೆ ಬೇರೆಯವರ ಮಗನ್ನ ತರ್ತೀರಾ?” ಅಮ್ಮ ಕಣ್ಣಿಗೆ ಸೆರಗು ಒತ್ತಿಕೊಂಡಳು.

“ಗಾಜಿಗೆ ಮಗನೂ ಗೊತ್ತಿಲ್ಲ, ಅಳಿಯನೂ ಗೊತ್ತಿಲ್ಲ. ಹಿಡಿಯೋ ಕೈ ಗೊತ್ತು ಅಷ್ಟೇ.”

ಸೊಸೆ ಮಿಶನ್ನಿನ ಚಕ್ರಕ್ಕೆ ಕೈ ಅಡ್ಡ ಕೊಟ್ಟು ನಿಲ್ಲಿಸಿದಳು. “ಒಂದು ಮಾತು ಕೇಳ್ಲಾ ಮಾವ?”

“ಬೇಡ ಅಂದ್ರೆ ಬಿಡ್ತೀಯಾ?”

“ಇಲ್ಲ. ಅವನ ಕಾಲು ಹೋಯ್ತು. ಕೈ ಬಿಟ್ನಾ?”

ಯಜಮಾನರು ಚಪ್ಪಲಿ ಹುಡುಕತೊಡಗಿದರು.

“ಇಳಿಸು ಅಂತ ಹೇಳಿದ್ನೋ ಇಲ್ವೋ? ಹೇಳೇ ಬಿದ್ದ. ಬೀಳೋವಾಗ್ಲೂ ತೊಡೆ ಕೊಟ್ಟು ನಿಮ್ಮ ಕನ್ನಡಿ ಉಳಿಸ್ದ. ಕೆಲಸ ಕದಿಯೋನು ಹೀಗೆ ಬೀಳ್ತಾನಾ? ನಾಟಕ ಆಡೋನಾದ್ರೆ ಕನ್ನಡಿ ಬೀಳಿಸಿ ತಾನು ಪಕ್ಕಕ್ಕೆ ನಿಂತ್ಕೊತಿದ್ದ.”

“ಹೌದು” ಎಂದ ದೊಡ್ಡವನು. ಎಲ್ಲರೂ ತಿರುಗಿ ನೋಡಿದರು. ಅವನು ಇನ್ನೂ ಮುಂದುವರಿಸಿದ. “ಕನ್ನಡಿಯಿಂದ ಅವನ ಬೆರಳು ಬಿಡಿಸೋಕೆ ನಾನೂ ಕ್ಷೌರಿಕನೂ ಇಬ್ರೂ ಬೇಕಾಯ್ತು.”

ಸೊಸೆ ಬಿಡಲಿಲ್ಲ. “ನನ್ನ ಮಿಶನ್ನೂ ಹೀಗೇ ಮಾವ. ನನ್ನ ಮುಂದೆ ಕೆಟ್ಟು ನಿಲ್ಲುತ್ತೆ, ರಿಪೇರಿಯವನ ಮುಂದೆ ಒಳ್ಳೇ ಹಸು ಥರ ಓಡುತ್ತೆ. ಕಾಲು ಬಂದ ಮೇಲೆ ಡಾಕ್ಟರ ಹತ್ರ ಹೋದ್ರೆ ಅವರಾದ್ರೂ ಏನು ನೋಡ್ತಾರೆ? ಇನ್ನೊಂದ್ಸಲ ಬಿದ್ರೆ, ಬಿದ್ದಿರೋ ಹಾಗೇ ಎತ್ಕೊಂಡು ದೊಡ್ಡಾಸ್ಪತ್ರೆಗೆ ಹೋಗ್ಬೇಕು. ಯಾರು ಬರಲಿ ಬಿಡಲಿ, ನಾನಂತೂ ಹೋಗ್ತೀನಿ.”

ಯಜಮಾನರು ಎದ್ದು ಕೆಳಗಿಳಿದು ಹೋದರು. ಅಂಗಡಿಯಲ್ಲಿ ಒಬ್ಬರೇ ಕೂತು, ಒರೆಸಿದ ಗಾಜನ್ನೇ ಮತ್ತೆ ಒರೆಸಿದರು. ಕಾಲು ಹೋಯ್ತು, ಕೈ ಬಿಟ್ನಾ? ಈ ಮಾತು ಅವರ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತು. ಅವರಪ್ಪ ಅವರಿಗೆ ಹೇಳಿಕೊಟ್ಟ ವಿದ್ಯೆಯೆಲ್ಲ ಆ ಒಂದು ಪ್ರಶ್ನೆಯೊಳಗಿತ್ತು. ಅದನ್ನು ಗಾಜು ಹೊತ್ತೇ ಗೊತ್ತಿಲ್ಲದ ಹೆಣ್ಣುಮಗಳು ಕೇಳಿದ್ದಳು. ಅವಳ ಮೇಲೆ ಸಿಟ್ಟು ಬರಲಿ ಎಂದು ಕಾದರು, ಬಂದದ್ದು ಮೆಚ್ಚುಗೆ. ಬಡಗಿಯ ಮನೆಗೆ ಹೋಗಿ, ಸದ್ಯಕ್ಕೆ ಜಾಗ ಖಾಲಿಯಿಲ್ಲವೆಂದು ಹೇಳಿ ಬಂದರು. ಮನೆಯಲ್ಲಿ ಮಾತ್ರ ಅದನ್ನು ಹೇಳಲಿಲ್ಲ.

ಭಾನುವಾರ ರಾತ್ರಿ ಎಲ್ಲರೂ ಊಟಕ್ಕೆ ಕೂತರು. ಗುಂಡ ಅಪ್ಪನತ್ತ ನೋಡಲಿಲ್ಲ. ಅಮ್ಮ ಹಾಲಕ್ಕಿಯ ಪಾತ್ರೆ ತಂದಿಟ್ಟೊಡನೆ ಯಜಮಾನರು ಅವಳ ಕೈಯಿಂದ ಸೌಟು ತೆಗೆದುಕೊಂಡರು. ಎಲ್ಲರಿಗಿಂತ ಮೊದಲು ಗುಂಡನ ಬಟ್ಟಲಿಗೆ ಬಡಿಸಿದರು. ಅವನು ತಿಂದು ಮುಗಿಸುವ ಮುಂಚೆ ಇನ್ನೊಂದು ಸೌಟು. ಗುಂಡ ತಲೆಯೆತ್ತಿದ. ಹೊಟ್ಟೆ ಬಿರಿಯುವಂತಿದ್ದರೂ ಬೇಡವೆನ್ನಲಿಲ್ಲ. ಅಪ್ಪ ಅಷ್ಟು ಮಾಡಿದ್ದು ಅವನಿಗೆ ದೊಡ್ಡದು. ಯಜಮಾನರು ಮೂರನೆಯದನ್ನೂ ಹಾಕಿದರು. ಅಮ್ಮನ ಮುಖ ಅರಳಿತು. ಅವತ್ತು ಆ ಮನೆಯಲ್ಲಿ ಎಲ್ಲರೂ ನೆಮ್ಮದಿಯಿಂದ ಮಲಗಿದರು.

ಬೆಳಿಗ್ಗೆ ಅಮ್ಮನ ಕೂಗಿಗೆ ಯಜಮಾನರು ಎದ್ದು ಓಡಿದರು.

ಈ ಸಲ ಕಾಲಷ್ಟೇ ಅಲ್ಲ. ಗುಂಡ ಕೈಯನ್ನೂ ಎತ್ತಲಾರದೆ ಬಿದ್ದಿದ್ದ. ಮಗ್ಗುಲು ಬದಲಿಸಲು ಆಗುತ್ತಿರಲಿಲ್ಲ. ಕಣ್ಣು ಮಾತ್ರ ಗಾಬರಿಯಿಂದ ಹೊರಳುತ್ತಿತ್ತು. “ಅಪ್ಪ, ನಾಟಕ ಅಲ್ಲ” ಎಂದ, ಸಣ್ಣ ದನಿಯಲ್ಲಿ.

ಯಜಮಾನರು ಹಾಸಿಗೆಯ ಪಕ್ಕ ಮಂಡಿಯೂರಿದರು. “ಗೊತ್ತು ಕಣೋ, ಗೊತ್ತು” ಎಂದರು.

ಅಮ್ಮ ಅಡುಗೆಮನೆಗೆ ಓಡಿ ಬಿಸಿ ಹಾಲಿಗೆ ಸಕ್ಕರೆ ಕಲಸಿ ತಂದಳು. ಸೊಸೆ ಲೋಟವನ್ನು ಅಡ್ಡ ಹಿಡಿದು ನಿಲ್ಲಿಸಿದಳು.

“ಈಗ ಏನೂ ಬೇಡ ಅತ್ತೆ. ಮಧ್ಯಾಹ್ನ ಆಗೋ ತನಕ ಕಾಯೋದೂ ಬೇಡ. ಈಗಲೇ ಹೊರಡಬೇಕು, ಹೀಗೇ. ರೀ, ವ್ಯಾನು ತೆಗೀರಿ.”

“ಕೆಳಗಿಳಿಸೋದು ಹೇಗೆ?” ಎಂದು ಅಮ್ಮ ಅತ್ತಳು. “ಆ ಮೆಟ್ಟಿಲಲ್ಲಿ ಬೆಕ್ಕು ತಿರುಗೋಕೂ ಜಾಗ ಇಲ್ಲ.”

“ಮೂವತ್ತು ವರ್ಷದಿಂದ ನಾನು ಏನೇನು ಏರಿಸಿ ಇಳಿಸಿಲ್ಲ ಆ ಮೆಟ್ಟಿಲಲ್ಲಿ?” ಎಂದು ಯಜಮಾನರು ಗುಡುಗಿದರು. “ನಿನ್ನ ಬೀರು ಏರ್ಸಿದ್ಯಾರು? ಏ ದೊಡ್ಡೋನೇ, ಗಾಜಿನ ಹಲಗೆ ತಾ. ಪಟ್ಟಿ ತಾ.”

ಗಾಜು ಮಲಗಿಸುವ ಉದ್ದನೆಯ ಹಲಗೆ ಬಂತು, ಮೇಲೆ ದಪ್ಪ ಕಂಬಳಿ ಹೊಡೆದದ್ದು. ಗಾಜು ಬಿಗಿಯುವ ಅಗಲದ ಪಟ್ಟಿಗಳಿಂದ ಗುಂಡನ ಎದೆ, ಸೊಂಟ, ತೊಡೆಗಳನ್ನು ಹಲಗೆಗೆ ಬಿಗಿದರು. ಯಜಮಾನರು ಕೆಳಗಿನ ತುದಿಗೆ ನಿಂತರು. ಭಾರವೆಲ್ಲ ಬೀಳುವುದು ಆ ತುದಿಗೆ. “ಅದು ನಾನು ಹಿಡೀತೀನಿ” ಎಂದ ದೊಡ್ಡವನನ್ನು ಕಣ್ಣಲ್ಲೇ ಅತ್ತ ಸರಿಸಿದರು.

“ಹಿಡ್ದೆ.”

“ಹಿಡ್ದೆ.”

ಒಂದೊಂದೇ ಮೆಟ್ಟಿಲು ಹಿಂದುಹಿಂದಾಗಿ ಇಳಿದರು. ಯಜಮಾನರ ತೋಳು ಥರಗುಟ್ಟುತ್ತಿತ್ತು, ಉಸಿರು ಸಿಳ್ಳೆ ಹಾಕುತ್ತಿತ್ತು. ಬೆನ್ನ ಹಿಂದೆ ಏನಿದೆಯೆಂದು ಅವರಿಗೆ ಕಾಣುತ್ತಿರಲಿಲ್ಲ. ಮುಂದೆ ಅಂಗಾತ ಬಿಗಿಸಿಕೊಂಡಿದ್ದ ಗುಂಡನಿಗೆ ಛಾವಣಿ ಕಾಣುತ್ತಿತ್ತು. ಆ ಛಾವಣಿಯ ಬಿರುಕುಗಳೆಲ್ಲ ಅವನಿಗೆ ಬಾಯಿಪಾಠ.

“ಮೂಲೆ” ಎಂದ ಗುಂಡ. ಸಣ್ಣ ದನಿ, ಆದರೆ ಹೇಳಬೇಕಾದ ಜಾಗದಲ್ಲೇ ಹೇಳಿದ.

ಯಜಮಾನರು ತಿರುವಿನಲ್ಲಿ ಹಲಗೆಯನ್ನು ನೆಟ್ಟಗೆ ನಿಲ್ಲಿಸಿ, ಮಗನನ್ನು ಎದೆಗಾನಿಸಿಕೊಂಡು ತಿರುಗಿಸಿದರು. ಎಲ್ಲಿಯೂ ಗೋಡೆ ತಾಗಲಿಲ್ಲ.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಚುರುಕಿನ ಹೆಂಗಸು. ಹಲಗೆಯ ಮೇಲೆ ಬಂದ ರೋಗಿಯನ್ನು ನೋಡಿ ಹುಬ್ಬೇರಿಸಿದರೂ ಮೊದಲು ರಕ್ತ ತೆಗೆಸಿದರು, ಎದೆಗೆ ತಂತಿ ಅಂಟಿಸಿದರು. ಆಮೇಲೆ ಗುಂಡನ ಕುತ್ತಿಗೆಯ ಮೇಲೆ ಬೆರಳಾಡಿಸಿದರು, ಬೆವರು ನೋಡಿದರು, ನಾಡಿ ನೋಡಿದರು. ರಕ್ತದ ವರದಿ ಬಂದೊಡನೆ ಅವರ ನಡಿಗೆಯೇ ಬದಲಾಯಿತು. ಸಣ್ಣಗೆ ತೊಟ್ಟಿಕ್ಕುವ ಬಾಟಲಿ ಏರಿತು, ಪಕ್ಕದಲ್ಲೇ ಒಬ್ಬ ನರ್ಸು ಕೂತಳು. ನಡುವೆ ಇನ್ನೊಮ್ಮೆ ರಕ್ತ ನೋಡಿದ ಮೇಲೆಯೇ ಡಾಕ್ಟರಮ್ಮ ಹೊರಗೆ ಬಂದು ಎಲ್ಲರನ್ನೂ ಕೂರಿಸಿ ಹೇಳಿದರು.

“ಕುತ್ತಿಗೇಲಿ ಥೈರಾಯ್ಡ್ ಅಂತ ಗ್ರಂಥಿ ಇದೆ. ಇವರದ್ದು ಮಿತಿಮೀರಿ ಕೆಲಸ ಮಾಡ್ತಿದೆ ಅಂತ ಕಾಣುತ್ತೆ, ಅದಕ್ಕೂ ರಕ್ತ ಕಳಿಸಿದೀನಿ. ಮೈ ಸೊರಗೋದು, ಬೆವರು, ಕೈ ನಡುಕ, ಎದೆ ಬಡಿತ, ಸಿಟ್ಟು, ಎಲ್ಲ ಅದರದ್ದೇ. ಕೆಲವು ಗಂಡಸರಿಗೆ ಅದರ ಜೊತೆ ಹೀಗೂ ಆಗುತ್ತೆ. ರಕ್ತದಲ್ಲಿರೋ ಪೊಟ್ಯಾಶಿಯಂ ಇದ್ದಕ್ಕಿದ್ದ ಹಾಗೆ ಜೀವಕೋಶಗಳ ಒಳಗೆ ನುಗ್ಗಿಬಿಡುತ್ತೆ. ಸ್ನಾಯು ಕೆಲಸ ನಿಲ್ಲಿಸುತ್ತೆ. ಕೆಲವು ಗಂಟೆ ಕಳೆದ್ರೆ ತಾನೇ ವಾಪಸ್ ಬರುತ್ತೆ.”

“ಅದಕ್ಕೇ ಸಂಜೆ ಹೋದ್ರೆ ಏನೂ ಸಿಗ್ತಿರಲಿಲ್ಲ” ಎಂದಳು ಸೊಸೆ.

“ಸಿಗಲ್ಲ. ಬಿದ್ದಾಗಲೇ ಕರ್ಕೊಂಡು ಬಂದ್ರಲ್ಲ, ಅದರಿಂದಲೇ ಗೊತ್ತಾಗಿದ್ದು. ಇನ್ನೂ ತಡ ಆಗಿದ್ರೆ ಹೃದಯದ ಬಡಿತವೇ ತಪ್ಪೋ ಅಪಾಯ ಇತ್ತು. ಯಾರು ಹೇಳಿದ್ದು ಹೀಗೇ ತರಬೇಕು ಅಂತ?”

ಯಜಮಾನರು ಸೊಸೆಯ ಕಡೆ ಕೈ ತೋರಿಸಿದರು. ಹೆಮ್ಮೆಯಿಂದಲೇ ತೋರಿಸಿದರು.

“ಇದು ಬರೋದು ಸಾಮಾನ್ಯವಾಗಿ ಯಾವಾಗ ಗೊತ್ತಾ? ಭಾರೀ ಕೆಲಸ ಮಾಡಿ ಸುಮ್ಮನೆ ಕೂತಾಗ. ಇಲ್ಲಾ, ಅನ್ನ ಬ್ರೆಡ್ಡು ಸಿಹಿ ಅಂತ ವಿಪರೀತ ತಿಂದು ಮಲಗಿದಾಗ. ನಿನ್ನೆ ರಾತ್ರಿ ಏನು ತಿಂದಿದ್ರು?”

ಅಮ್ಮ ನೆಲ ನೋಡಿದಳು. ದೊಡ್ಡವನು ಗೋಡೆ ನೋಡಿದ.

“ನಾನು ಬಡಿಸಿದ್ದು” ಎಂದರು ಯಜಮಾನರು. “ಮೂರು ಸೌಟು. ಅವನು ಕೇಳಿರಲಿಲ್ಲ.”

ಡಾಕ್ಟರಮ್ಮ ಅವರ ಮುಖ ನೋಡಿ ದನಿ ತಗ್ಗಿಸಿದರು. “ಊಟ ಹಾಕಿದ್ದು ತಪ್ಪಲ್ಲ ಯಜಮಾನರೇ. ಮೂಲ ಇರೋದು ಗ್ರಂಥೀಲಿ. ಅದನ್ನ ಮಾತ್ರೆಯಿಂದ ಹದಕ್ಕೆ ತರ್ತೀವಿ, ಆಮೇಲೆ ಇದು ಬರಲ್ಲ. ಅಲ್ಲೀ ತನಕ ಸ್ವಲ್ಪ ಸ್ವಲ್ಪ ಊಟ, ಸಿಹಿ ಕಮ್ಮಿ, ಭಾರ ಎತ್ತೋದು ಬೇಡ. ನಿಮ್ಮಷ್ಟಕ್ಕೆ ನೀವೇ ಪೊಟ್ಯಾಶಿಯಂ ಅಂತ ಏನೂ ಕೊಡೋದೂ ಬೇಡ.”

ಸಂಜೆಗೆ ಗುಂಡ ಮೊಣಕಾಲು ಮಡಿಚಿದ. ನರ್ಸು ಶಭಾಶ್ ಎಂದಳು. ಯಜಮಾನರು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದರು.

ಮುಂದಿನ ವಾರಗಳಲ್ಲಿ ಆ ಮನೆ ಹೊಸ ಸಂಸಾರ ಹೂಡಿದಂತೆ ಎಲ್ಲವನ್ನೂ ಮತ್ತೆ ಕಲಿತುಕೊಂಡಿತು. ಸೊಸೆ ದೊಡ್ಡ ಸೌಟನ್ನು ಅಟ್ಟದ ಮೇಲೆ ಹಾಕಿ ಚಿಕ್ಕದೊಂದನ್ನು ತಂದಳು. “ಇದೇನಿದು, ಕಿವಿಗೆ ಎಣ್ಣೆ ಬಿಡೋದಾ?” ಎಂದು ಅಮ್ಮ ರೇಗಿದಳು, ರೇಗಿದರೂ ಅದರಲ್ಲೇ ಬಡಿಸಿದಳು. ತಿನ್ನಿಸಿಯೇ ಪ್ರೀತಿಸಿ ಗೊತ್ತಿದ್ದ ಜೀವ, ಹಸಿದ ಮಗನ ಮುಂದೆ ಕೈ ಕಟ್ಟಿ ಕೂರುವುದನ್ನು ಕಲಿತದ್ದು ಸಣ್ಣ ಮಾತಲ್ಲ. ಗುಂಡ ಹೊತ್ತು ತಪ್ಪದೆ ಮಾತ್ರೆ ನುಂಗಿದ, ಅಂಗಡಿಯಲ್ಲಿ ಕೂತು ಚೌಕಟ್ಟುಗಳಿಗೆ ಗಾಜು ಅಂಟಿಸುವ ಪುಟ್ಟಿ ಬಳಿದ. ಅವನ ತುದಿಯನ್ನು ಯಜಮಾನರೇ ಹಿಡಿದರು. ಮೊದಲಿನ ಹಾಗಲ್ಲ, ಪ್ರತಿ ಮಹಡಿಗೆ ಎರಡು ಸಲ “ಇಳಿಸು” ಎನ್ನುತ್ತಿದ್ದರು. ದೊಡ್ಡವನು ಪ್ರತಿ ಸಲವೂ ಕೇಳದೆ ಇಳಿಸಿದ.

ಮೆಲ್ಲಗೆ ಗುಂಡನ ಕೆನ್ನೆ ತುಂಬಿತು. ಒಂದು ದಿನ ಗಾಜಿನ ಮೇಲೆ ಗೆರೆ ಎಳೆದು ತಟ್ಟಿದ. ಗಾಜು ಟಕ್ಕೆಂದು ನೇರವಾಗಿ ಎರಡಾಯಿತು. ಯಜಮಾನರು ಆ ಅಂಚನ್ನು ಬೆಳಕಿಗೆ ಹಿಡಿದು ನೋಡಿ, ಮೆಲ್ಲಗೆ ಕೆಳಗಿಟ್ಟರು. ರಕ್ತ ಹದಕ್ಕೆ ಬಂದಿದೆ, ಇನ್ನು ಹಗುರವಾದ ಗಾಜು ಹೊರಬಹುದು ಎಂದು ಡಾಕ್ಟರಮ್ಮ ಹೇಳಿದ ವಾರ ಸೊಸೆ ಆ ಪ್ಯಾಂಟಿನ ಹೊಲಿಗೆ ಬಿಚ್ಚಿ ಸೊಂಟ ಅಗಲ ಮಾಡಿದಳು.

ಯಜಮಾನರಿಗೆ ಮಾತ್ರ ಒಂದು ತೀರದ ಕೆಲಸವಿತ್ತು. ಬೈದ ಬೈಗುಳಕ್ಕೆ, ಕುಡುಕ ಎಂದದ್ದಕ್ಕೆ, ಕ್ಷೌರದಂಗಡಿಯಲ್ಲಿ ಮಾನ ತೆಗೆದದ್ದಕ್ಕೆ, ಎಲ್ಲಕ್ಕೂ ಅವರು ಮೂರು ಸೌಟಿನಲ್ಲಿ ಉತ್ತರ ಕೊಟ್ಟಿದ್ದರು. ಆ ಮೂರು ಸೌಟೇ ಮಗನನ್ನು ಹಲಗೆಗೆ ಹಾಕಿತ್ತು. ಈಗ ಅದನ್ನೂ ಸೇರಿಸಿ ಹೇಳಬೇಕಿತ್ತು, ಆದರೆ ಯಾವುದರಲ್ಲಿ ಹೇಳುವುದು? ಊಟಕ್ಕೆ ಕೂತಾಗ ಅಭ್ಯಾಸಬಲದಿಂದ ಕೈ ಸೌಟಿನತ್ತ ಹೋಗುತ್ತಿತ್ತು. “ರೀ!” ಎಂದು ಅಮ್ಮ ಗದರುತ್ತಿದ್ದಳು. ಒಂದು ದಿನ ನೀರನ್ನಾದರೂ ಬಡಿಸೋಣವೆಂದು ಗುಂಡನ ಲೋಟ ತುಂಬಿಸಲು ಹೋಗಿ, ಅದು ತುಂಬಿ ಹರಿದು ಅವನ ತೊಡೆಯೆಲ್ಲ ಒದ್ದೆಯಾಯಿತು.

“ಅಪ್ಪ, ನಾನು ಸ್ನಾನ ಮಾಡಿಯೇ ಕೂತಿದೀನಿ” ಎಂದ ಗುಂಡ. ಎಲ್ಲರೂ ನಕ್ಕರು. ಯಜಮಾನರೂ ನಕ್ಕರು, ಒಳಗಿನ ಮುಳ್ಳು ಅಲ್ಲೇ ಉಳಿಯಿತು.

ಒಂದು ಭಾನುವಾರ ಅಮ್ಮ ಬಹಳ ದಿನಗಳ ಮೇಲೆ ಹಾಲಕ್ಕಿ ಮಾಡಿದ್ದಳು, ಸ್ವಲ್ಪವೇ. ಎಲ್ಲರಿಗೂ ಚಿಕ್ಕ ಸೌಟಿನಲ್ಲಿ ಒಂದೊಂದು. ಪಾತ್ರೆಯಲ್ಲಿ ಇನ್ನೊಂದಿಷ್ಟು ಉಳಿದಿತ್ತು. ಯಜಮಾನರು ಸೌಟು ಕೈಗೆತ್ತಿಕೊಂಡರು, ತುಂಬಿಸಿದರು, ಗುಂಡನ ಬಟ್ಟಲಿನ ಮೇಲೆ ತಂದು ನಿಲ್ಲಿಸಿದರು. ಅಮ್ಮ ಬಾಯಿ ತೆರೆದಳು. ಸೊಸೆ ಕೈಸನ್ನೆಯಿಂದ ಅವಳನ್ನು ತಡೆದಳು.

ಸೌಟು ಗಾಳಿಯಲ್ಲೇ ನಿಂತಿತ್ತು. ಯಜಮಾನರು ಗುಂಡನ ಮುಖ ನೋಡಿದರು.

“ತಪ್ಪಾಯ್ತು ಕಣೋ ಗುಂಡ.”

ಆ ಗೋಡೆಗಳು ಆ ಮಾತನ್ನು ಕೇಳಿದ್ದು ಅದೇ ಮೊದಲು. ಅಮ್ಮನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಯಜಮಾನರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಒಮ್ಮೆ ಎತ್ತಿದ ಮೇಲೆ ನಡುದಾರಿಯಲ್ಲಿ ಇಳಿಸುವ ಪೈಕಿಯಲ್ಲ. “ನೀನು ಹೇಳೇ ಬಿದ್ದೆ. ನಾನು ಕೇಳಿಸ್ಕೊಳ್ಳಲಿಲ್ಲ. ನೀನು ಕೇಳಿಸ್ಕೊಂಡೆಯಮ್ಮ” ಎಂದು ಸೊಸೆಯ ಕಡೆ ತಿರುಗಿ ಒಂದು ಮಾತನ್ನೂ ನುಂಗದೆ ಹೇಳಿದರು. ಸೌಟಿನಿಂದ ಒಂದು ಹನಿ ಮೇಜಿನ ಮೇಲೆ ಬಿತ್ತು.

ಗುಂಡ ಅಪ್ಪನ ಕೈ ನೋಡಿದ, ಮುಖ ನೋಡಿದ. ಅವನ ಕಣ್ಣು ತುಂಬಿತ್ತು.

“ಹಿಡ್ದೆ ಅಪ್ಪ” ಎಂದ.

ಯಜಮಾನರು ಸೌಟನ್ನು ಪಾತ್ರೆಯೊಳಗೆ ಇಳಿಸಿದರು.